ನಂಬಿಕೆ ಅಲುಗಾಡಿದ ಮೇಲೆ ತಿರುಗಿ ಬಂದವರು ಇದ್ದೀರಾ?

ಪೆರ್ಲದವಳು

ಈ ಬಳಗದಲ್ಲಿ ಕುಂಬಳೆ, ಮಂಜೇಶ್ವರ, ಬದಿಯಡ್ಕ ಕಡೆಯ ಕ್ರೈಸ್ತರೇ ಹೆಚ್ಚು. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ. ವಾಡ್ಯದ (ಇಗರ್ಜಿಗೆ ಸೇರಿದ ನೆರೆಕರೆ ಮನೆಗಳ) ಕೂಟದಲ್ಲಿ ಬಾಯಿಬಿಟ್ಟರೆ ಸಂಜೆಯೊಳಗೆ ಅಮ್ಮನ ಕಿವಿಗೆ ಬೀಳುತ್ತದೆ, ಅವರು ಇನ್ನಷ್ಟು ಕುಗ್ಗಿಹೋಗುತ್ತಾರೆ.

ಕಳೆದ ಮಳೆಗಾಲದಲ್ಲಿ ನನ್ನ ತಮ್ಮ ತೀರಿಕೊಂಡ. ಹುಟ್ಟಿದಾಗಿನಿಂದ ಮಲಗಿದಲ್ಲೇ ಇದ್ದವನು. ನಮ್ಮ ಎಣ್ಮಕಜೆ ಪಂಚಾಯತಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗುಡ್ಡದ ಗೇರು ತೋಟಗಳಿಗೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಕೀಟನಾಶಕ ಸುರಿಯುತ್ತಿದ್ದ ಕಾಲದಲ್ಲಿ ಅಮ್ಮ ಅವನನ್ನು ಹೊತ್ತಿದ್ದರು. ಮಾತು ಬರಲಿಲ್ಲ, ಕುತ್ತಿಗೆ ನಿಲ್ಲಲಿಲ್ಲ. ಗಂಜಿಯ ತಿಳಿಯನ್ನು ಚಮಚದಲ್ಲಿ ಕೊಟ್ಟರೆ ಅರ್ಧ ಗಲ್ಲದ ಮೇಲೆ. ಸಂಜೆ ಅಮ್ಮ ತೇರ್ಸ್ (ಜಪಮಾಲೆಯ ಪ್ರಾರ್ಥನೆ) ಶುರುಮಾಡಿದರೆ ಮಾತ್ರ ಅವನ ಅಳು ನಿಲ್ಲುತ್ತಿತ್ತು. ‘ನಮಾನ್ ಮರಿಯೆ’ ಅನ್ನುವಾಗ ಅವನ ಕಣ್ಣು ಅಮ್ಮನ ತುಟಿಯ ಮೇಲೇ ಇರುತ್ತಿತ್ತು, ಐವತ್ತಮೂರು ಮಣಿ ಮುಗಿಯುವ ತನಕ.

ಈಗಲೂ ಭಾನುವಾರ ಪೂಜೆಗೆ ಹೋಗುತ್ತೇನೆ. ನಂಬಿಕೆಯನ್ನು ಎಲ್ಲರೂ ಸೇರಿ ಸಾರುವ ವಿಶ್ವಾಸ ಪ್ರಮಾಣ ಹೇಳುವಾಗ ‘ಸರ್ವಶಕ್ತ’ ಅನ್ನುವಲ್ಲಿ ಬಾಯಿ ಕಟ್ಟುತ್ತದೆ. ಶಕ್ತಿ ಇದ್ದವನು ಇಷ್ಟು ವರ್ಷ ಏನು ನೋಡುತ್ತಿದ್ದ? ದೇವರಿಲ್ಲ ಅಂತ ಹೇಳುವ ಧೈರ್ಯವೂ ಇಲ್ಲ, ಇದ್ದಾನೆ ಅಂತ ಹೇಳುವ ಮನಸ್ಸೂ ಇಲ್ಲ. ದಯವಿಟ್ಟು ಪ್ರವಚನ ಬೇಡ. ಈ ದಾರಿಯಲ್ಲಿ ಬಿದ್ದು ಎದ್ದವರು ಯಾರಾದರೂ ಇದ್ದರೆ, ನೀವು ಏನು ಮಾಡಿದಿರಿ ಹೇಳಿ.

ಮಂಜೇಶ್ವರ ಮಾಷ್ಟ್ರು

ಮಗಳೇ, ನಿನ್ನ ತಮ್ಮನಿಗೆ ನಿತ್ಯ ವಿಶ್ರಾಂತಿ ಸಿಗಲಿ.

ನನ್ನ ಹೆಂಡತಿ ಹೋದ ಮೇಲೆ ನನಗೂ ಪ್ರಾರ್ಥನೆ ನಿಂತುಹೋಗಿತ್ತು. ಸ್ವಂತ ಮಾತು ಏನೂ ಬರುತ್ತಿರಲಿಲ್ಲ. ಆಗ ಹಿಡಿದುಕೊಂಡದ್ದು 88ನೇ ಕೀರ್ತನೆ. ಬೈಬಲಿನ 150 ಕೀರ್ತನೆಗಳಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಗೋಳಾಟವೇ. ಆದರೆ ಮಿಕ್ಕವು ಹೆಚ್ಚಾಗಿ ಅತ್ತು ಅತ್ತು ಕೊನೆಗೆ ದೇವರನ್ನು ಹೊಗಳಿ ಮುಗಿಯುತ್ತವೆ. 88 ಹಾಗಲ್ಲ, ಕತ್ತಲೆಯಲ್ಲೇ ಮುಗಿಯುತ್ತದೆ. ನನ್ನ ಆಪ್ತರನ್ನು ನೀನೇ ದೂರ ಮಾಡಿದೆ ಎಂದು ದೇವರ ಮುಖಕ್ಕೇ ಹೇಳಿ ನಿಲ್ಲಿಸಿಬಿಡುತ್ತದೆ. ಇಂಥದ್ದನ್ನು ಯಾರೂ ಕಿತ್ತುಹಾಕಲಿಲ್ಲ. ಯೆಹೂದ್ಯರು ಉಳಿಸಿಕೊಂಡರು, ಧರ್ಮಸಭೆಯೂ ಉಳಿಸಿಕೊಂಡಿತು. ಹಾಗಾದರೆ ದೇವರ ಮುಂದೆ ಹೀಗೂ ಮಾತಾಡಬಹುದು ಎಂದಾಯಿತಲ್ಲ.

ರಾತ್ರಿ ಚಿಮಣಿ ಹತ್ತಿರ ಕೂತು ಗಟ್ಟಿಯಾಗಿ ಓದುತ್ತಿದ್ದೆ. ಸಮಾಧಾನ ಸಿಕ್ಕಿತು ಅಂತ ಹೇಳುವುದಿಲ್ಲ. ಜಗಳ ಆಡಲಿಕ್ಕೆ ಎದುರಿಗೆ ಒಬ್ಬ ಇದ್ದಾನೆ ಅನ್ನುವಷ್ಟು ಸಿಕ್ಕಿತು. ಅಷ್ಟರಿಂದಲೇ ಶುರುವಾದದ್ದು. 13ನೆಯದನ್ನೂ ಓದು. ಮೊದಲ ಎರಡು ವಚನಗಳಲ್ಲೇ ನಾಲ್ಕು ಸಲ ‘ಎಷ್ಟರವರೆಗೆ’ ಅಂತ ಕೇಳುತ್ತಾನೆ.

ಜೀವಜಲ

ಸಹೋದರಿ, ನಿಮ್ಮ ದುಃಖ ಅರ್ಥವಾಗುತ್ತದೆ. ಆದರೂ ಪ್ರೀತಿಯಿಂದಲೇ ಹೇಳುತ್ತೇನೆ, ಸಂಶಯಕ್ಕೆ ಬಾಗಿಲು ತೆರೆಯಬೇಡಿ. ಯಾಕೋಬನ ಪತ್ರ 1:6 ನೋಡಿ, ಸಂದೇಹಪಡುವವನು ಗಾಳಿಗೆ ಹೊಯ್ದಾಡುವ ಸಮುದ್ರದ ತೆರೆ. ವೈರಿ ನುಗ್ಗುವುದು ಆ ಸಂದಿಯಿಂದಲೇ. ಚಾಲಕುಡಿ ಹತ್ತಿರ ಮುರಿಂಗೂರಿನ ಡಿವೈನ್ ಧ್ಯಾನಕೇಂದ್ರಕ್ಕೆ ಒಮ್ಮೆ ಹೋಗಿಬನ್ನಿ. ನಾನು ಹೋಗುವ ಮೊದಲು ಕುಡಿತದಲ್ಲಿ ಮುಳುಗಿದವನು. ಅಲ್ಲಿ ಒಂದೇ ರಾತ್ರಿಯಲ್ಲಿ ಕರ್ತನು ನನ್ನನ್ನು ಎತ್ತಿದ. ಆವತ್ತಿನಿಂದ ಒಂದು ತೊಟ್ಟು ಮುಟ್ಟಿಲ್ಲ. ಆತನು ಇದ್ದಾನೆ ಅನ್ನುವುದಕ್ಕೆ ನನಗೆ ಬೇರೆ ಸಾಕ್ಷಿ ಬೇಡ.

ಬಾಸೆಲ್ ಮೊಮ್ಮಗಳು

ಜೀವಜಲ ಅವರೇ, ನಿಮಗೆ ಸಿಕ್ಕಿದ್ದಕ್ಕೆ ದೇವರಿಗೆ ಸ್ತೋತ್ರ. ಆದರೆ ಆ ವಚನವನ್ನು ಅಣ್ಣನೋ ತಮ್ಮನೋ ತೀರಿಕೊಂಡವರ ಮುಂದೆ ಇಡುವುದು ನನಗೆ ಸರಿ ಕಾಣಲಿಲ್ಲ. ಯಾಕೋಬನು ಅಲ್ಲಿ ಹೇಳುತ್ತಿರುವುದು ದೇವರ ಹತ್ತಿರ ಬುದ್ಧಿ ಬೇಡುವಾಗ ಎರಡು ದೋಣಿಯಲ್ಲಿ ಕಾಲಿಡಬೇಡಿ ಎಂದು. ಯೂದನ ಪತ್ರವನ್ನೂ ತೆರೆಯಿರಿ, ಒಂದೇ ಅಧ್ಯಾಯ ಇರುವುದು. 22ನೇ ವಚನದಲ್ಲಿ ಸಂಶಯಪಡುವವರಿಗೆ ಕರುಣೆ ತೋರಿಸಿರಿ ಅಂತ ಇದೆ. ಗದರಿಸಿ ಅಂತ ಇಲ್ಲ.

ಸ್ನಾನಿಕನಾದ ಯೋಹಾನನನ್ನು ನೆನೆಯಿರಿ. ಇವನೇ ದೇವರ ಕುರಿಮರಿ ಎಂದು ಬೆರಳು ಮಾಡಿ ತೋರಿಸಿದವನು ಅವನೇ. ಸೆರೆಮನೆಯಲ್ಲಿ ಕೂತಾಗ ಶಿಷ್ಯರನ್ನು ಕಳಿಸಿ ಕೇಳಿಸಿದ: ಬರಬೇಕಾದವನು ನೀನೋ, ಇಲ್ಲ ಬೇರೊಬ್ಬನಿಗಾಗಿ ಕಾಯಬೇಕೋ? ಮತ್ತಾಯ 11ರಲ್ಲಿದೆ. ಯೇಸು ಸ್ವಾಮಿ ಸಿಟ್ಟಾಗಲಿಲ್ಲ. ಆ ಶಿಷ್ಯರು ಅತ್ತ ಹೋಗುತ್ತಲೇ ಜನರ ಕಡೆ ತಿರುಗಿ, ಸ್ತ್ರೀಯರಲ್ಲಿ ಹುಟ್ಟಿದವರೊಳಗೆ ಇವನಿಗಿಂತ ದೊಡ್ಡವನಿಲ್ಲ ಅಂದರು. ಸಂಶಯ ಬಂದ ಗಳಿಗೆಯಲ್ಲೇ ಅವನಿಗೆ ಆ ಮಾತು ಸಿಕ್ಕಿದ್ದು.

ಪೆರ್ಲದ ತಂಗಿ, ನಾನು ಪ್ರಾಟೆಸ್ಟೆಂಟ್ ಮನೆಯವಳು. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಷನ್ನಿನವರ ಕಾಲದಿಂದ ನಮ್ಮದು ಸಭೆಯ ಮನೆತನ. ನಿಮಗೆ ತೇರ್ಸ್ ಇದ್ದ ಹಾಗೆ ನಮಗೆ ಮನೆಪ್ರಾರ್ಥನೆ. ನನ್ನ ಕಥೆ ಆಮೇಲೆ ಬರೆಯುತ್ತೇನೆ, ಈಗ ಅಡುಗೆಗೆ ಹೊತ್ತಾಯಿತು.

ಪೆರ್ಲದವಳು

ಮಾಷ್ಟ್ರೇ, 88 ಓದಿದೆ. ನಡುವಿನಲ್ಲಿ ನಿಲ್ಲಿಸಬೇಕಾಯಿತು.

ಅಕ್ಕ, ಯೋಹಾನ ಕೇಳಿದ, ಉತ್ತರ ಬಂತು. ಆದರೂ ಸೆರೆಮನೆಯಲ್ಲೇ ಅವನ ತಲೆ ಹೋಯಿತಲ್ಲ? ನನ್ನ ಪ್ರಶ್ನೆ ಅಲ್ಲೇ ನಿಂತಿರುವುದು. ಇನ್ನೊಂದು ವಿಷಯ. ತಮ್ಮನನ್ನು ನೋಡಲು ಬಂದವರು, ನಮ್ಮವರೇ, ಅಮ್ಮನ ಹತ್ತಿರ ‘ಯಾರ ಪಾಪವೋ ಏನೋ’ ಅಂದಿದ್ದಾರೆ. ನನ್ನೆದುರೇ.

ಬಡ್ಸ್ ಟೀಚರ್

ನಾನು ಇಲ್ಲಿಯ ಒಂದು ಬಡ್ಸ್ ಶಾಲೆಯಲ್ಲಿ ಕೆಲಸ ಮಾಡುವವಳು. ಬುದ್ಧಿಮಾಂದ್ಯ ಮಕ್ಕಳಿಗಾಗಿ ಪಂಚಾಯತಿನ ಕಡೆಯಿಂದ ನಡೆಯುವ ಶಾಲೆ. ‘ಯಾರ ಪಾಪ’ ಅನ್ನುವ ಮಾತು ನಮ್ಮ ಮಕ್ಕಳ ತಾಯಂದಿರಲ್ಲಿ ಕೇಳದವರಿಲ್ಲ. ಹಿಂದೂ ಮನೆಗಳಲ್ಲಿ ದೈವದ ಶಾಪ, ನಮ್ಮ ಮನೆಗಳಲ್ಲಿ ಪಾಪದ ಫಲ.

ಬೈಬಲಿನ ಯೋಹಾನನ ಸುವಾರ್ತೆಯ 9ನೇ ಅಧ್ಯಾಯದಲ್ಲಿ ಹುಟ್ಟುಕುರುಡನನ್ನು ಕಂಡು ಶಿಷ್ಯರು ಕೇಳಿದ್ದು ಇದನ್ನೇ. ಪಾಪ ಮಾಡಿದವರು ಯಾರು, ಇವನೋ, ಹೆತ್ತವರೋ? ಸ್ವಾಮಿ ಎರಡನ್ನೂ ಅಲ್ಲ ಎಂದರು. ಆಮೇಲೆ ನೆಲಕ್ಕೆ ಉಗುಳಿ, ಮಣ್ಣು ಕಲಸಿ, ಕಣ್ಣಿಗೆ ಹಚ್ಚಿದರು. ಮೊದಲು ಆ ಸುಳ್ಳನ್ನು ತೆಗೆದುಹಾಕಿದರು, ನಂತರ ಕೈ ಕೆಸರು ಮಾಡಿಕೊಂಡರು. ನಿಮ್ಮ ಅಮ್ಮನಿಗೆ ಈ ಭಾಗ ಓದಿ ಹೇಳಿ, ಇವತ್ತೇ.

ಸಿಟ್ಟಿನ ಬಗ್ಗೆಯೂ ಹೇಳಬೇಕು. ಎಂಡೋಸಲ್ಫಾನ್ ಸುರಿದದ್ದು ಮನುಷ್ಯರು. 1970ರ ದಶಕದ ಕೊನೆಯಿಂದ 2000ದ ತನಕ, ಜನ ಬಾವಿ ನೀರು ಕುಡಿಯುವ, ತೋಡಿನಲ್ಲಿ ಮೀಯುವ ಊರಿನ ನೆತ್ತಿಯ ಮೇಲೆ. ಪಡ್ರೆಯ ಕಡೆ ಜೇನುನೊಣ ಸತ್ತದ್ದು, ಕರು ಕಾಲು ಸೊಟ್ಟಗಾಗಿ ಹುಟ್ಟಿದ್ದು ನೋಡಿ ಬಾಯಿ ತೆರೆದವರು ಊರವರೇ. ಸುಪ್ರೀಂ ಕೋರ್ಟಿನ ತಡೆ ಬಂದದ್ದು 2011ರ ಮೇ ತಿಂಗಳಲ್ಲಿ. ಐದು ಲಕ್ಷ ಪರಿಹಾರ ಕೊಡಿ ಎಂದು ಅದೇ ಕೋರ್ಟು ಹೇಳಿದ್ದು 2017ರಲ್ಲಿ. ತಾಯಂದಿರು ಮಕ್ಕಳನ್ನು ಎತ್ತಿಕೊಂಡು ತಿರುವನಂತಪುರದ ಸೆಕ್ರೆಟರಿಯೇಟ್ ಮುಂದೆ ಕೂತರು. ನನಗೂ ದೇವರ ಮೇಲೆ ವರ್ಷಗಟ್ಟಲೆ ಸಿಟ್ಟಿತ್ತು. ಆ ತಾಯಂದಿರ ಜೊತೆ ಬಿಸಿಲಲ್ಲಿ ಕೂತಾಗ ಆ ಸಿಟ್ಟಿನ ದೊಡ್ಡ ಪಾಲು ತಲುಪಬೇಕಾದ ವಿಳಾಸಕ್ಕೆ ತಲುಪಿತು. ಉಳಿದದ್ದನ್ನು ಈಗಲೂ ದೇವರ ಹತ್ತಿರವೇ ಕೇಳುತ್ತೇನೆ, ನೀನು ಯಾಕೆ ತಡೆಯಲಿಲ್ಲ ಎಂದು. ಉತ್ತರ ಬಂದಿಲ್ಲ. ಆದರೆ ಕೇಳುತ್ತಿರುವುದು ಯಾರನ್ನು ಅಂತ ಈಗ ನನಗೆ ಗೊತ್ತು. ಶಿಲುಬೆಯ ಮೇಲಿಂದ ‘ಯಾಕೆ ಕೈಬಿಟ್ಟೆ’ ಎಂದು ಕೂಗಿದವನನ್ನೇ.

ವಿಜ್ಞಾನ ವಿದ್ಯಾರ್ಥಿ

ನಡುವೆ ಬಾಯಿ ಹಾಕುವುದಕ್ಕೆ ಕ್ಷಮಿಸಿ. ನನ್ನ ತೊಂದರೆ ದುಃಖದಿಂದ ಬಂದದ್ದಲ್ಲ. ಮಂಗಳೂರಿನಲ್ಲಿ ಎಂಎಸ್ಸಿ ಓದುತ್ತಿದ್ದೇನೆ. ಶಿಲುಬೆಯಲ್ಲಿ ಸತ್ತ ಯೇಸು ಎದ್ದ ಎಂಬುದನ್ನು ನಂಬುವುದು ಹೇಗೆ? ಅದು ನಿಲ್ಲದಿದ್ದರೆ ಉಳಿದದ್ದೂ ನಿಲ್ಲುವುದಿಲ್ಲ ಅಂತ ಪೌಲನೇ ಬರೆದಿದ್ದಾನೆ.

ಮಂಜೇಶ್ವರ ಮಾಷ್ಟ್ರು

ಪೌಲ ಅದನ್ನು ಬರೆದ ಅಧ್ಯಾಯವನ್ನೇ ನಿಧಾನವಾಗಿ ಓದಿ ತಮ್ಮಾ, ಕೊರಿಂಥದವರಿಗೆ ಮೊದಲ ಪತ್ರ 15. ಆ ಪತ್ರ ಕ್ರಿ.ಶ. 50ರ ದಶಕದ್ದು. ಶಿಲುಬೆಯ ಘಟನೆಯಿಂದ ಇಪ್ಪತ್ತು ಚಿಲ್ಲರೆ ವರ್ಷ. ಕಂಡವರ ಪಟ್ಟಿ ಕೊಡುತ್ತಾ, ಐನೂರು ಮಂದಿಯಲ್ಲಿ ಹೆಚ್ಚಿನವರು ಈಗಲೂ ಬದುಕಿದ್ದಾರೆ ಅನ್ನುತ್ತಾನೆ. ಬೇಕಾದರೆ ಹೋಗಿ ಕೇಳಿ ಎಂದ ಹಾಗೆ. ಇನ್ನೊಂದು, ನಾಲ್ಕು ಸುವಾರ್ತೆಗಳಲ್ಲೂ ಖಾಲಿ ಸಮಾಧಿಯನ್ನು ಮೊದಲು ಕಂಡವರು ಹೆಂಗಸರು. ಹೆಂಗಸರ ಸಾಕ್ಷ್ಯಕ್ಕೆ ಬೆಲೆ ಕಡಿಮೆ ಇದ್ದ ಕಾಲವದು. ಕಟ್ಟುಕಥೆ ಹೆಣೆಯುವವರು ಹಾಗೆ ಹೆಣೆಯುತ್ತಿರಲಿಲ್ಲ. ಲ್ಯಾಬಿನಲ್ಲಿ ಸಿಗುವಂಥ ರುಜುವಾತು ಇದಲ್ಲ. ಆದರೆ ಕಣ್ಣುಮುಚ್ಚಿ ನಂಬುವುದೂ ಅಲ್ಲ. ಇದಕ್ಕೆ ಬೇರೆ ಚರ್ಚೆ ತೆರೆಯಿರಿ, ನಾನು ಬರುತ್ತೇನೆ. ಇದು ಪೆರ್ಲದವಳ ಜಾಗ.

ಗುರುಮನೆ

ನಾನು ಗುರು (ಪಾದ್ರಿ), ಮಂಗಳೂರು ಧರ್ಮಪ್ರಾಂತ್ಯದವನು. ಎಲ್ಲ ಓದಿದೆ. ಮೂರು ವಿಷಯ ಹೇಳಿ ಹೋಗುತ್ತೇನೆ.

ತಂಗಿ, ಇದು ಪಾಪವೇ ಎಂಬ ಹೆದರಿಕೆ ನಿಮ್ಮ ಬರಹದಲ್ಲಿ ಅಡಗಿದೆ. 1992ರಲ್ಲಿ ಹೊರಬಂದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥದ 2088ನೇ ಪರಿಚ್ಛೇದ ಎರಡು ಬಗೆಯ ಸಂಶಯವನ್ನು ಬೇರೆ ಮಾಡಿ ಹೇಳುತ್ತದೆ. ಬೇಕೆಂದೇ ಸತ್ಯವನ್ನು ದೂರ ತಳ್ಳುವುದು ಒಂದು. ನಂಬಲು ಕಷ್ಟವಾಗುವುದು, ಆಕ್ಷೇಪಗಳನ್ನು ದಾಟಲಾಗದಿರುವುದು, ಕಾಣದ್ದರ ಬಗ್ಗೆ ಕಳವಳಪಡುವುದು ಇನ್ನೊಂದು. ನಿಮ್ಮದು ಎರಡನೆಯದು. ಅದನ್ನು ತಾನಾಗಿ ಪೋಷಿಸಿ ಬೆಳೆಸಬಾರದು, ಸರಿ. ಆದರೆ ಅದು ಬಂತೆಂದು ಹೆದರಬೇಕಾಗಿಲ್ಲ.

ಸಂತರ ವಿಷಯ. ಕಲ್ಕತ್ತೆಯ ಮದರ್ ತೆರೇಸಾ ತಮ್ಮ ಆತ್ಮಗುರುಗಳಿಗೆ ಬರೆದ ಪತ್ರಗಳು 2007ರಲ್ಲಿ ಪ್ರಕಟವಾದಾಗ ಬಹಳ ಮಂದಿ ಬೆಚ್ಚಿಬಿದ್ದರು. ಬೀದಿಯ ರೋಗಿಗಳನ್ನು ಎತ್ತಲು ಶುರುಮಾಡಿದ ಕಾಲದಿಂದ ಹೆಚ್ಚುಕಡಿಮೆ ಸಾಯುವ ತನಕ, ದಶಕಗಟ್ಟಲೆ, ಒಳಗೆ ಕತ್ತಲೆ, ದೇವರು ಇಲ್ಲವೇನೋ ಅನ್ನಿಸುವಷ್ಟು. ಬೆಳಿಗ್ಗೆ ಎದ್ದು ಪೂಜೆಗೆ ಹೋಗುತ್ತಿದ್ದರು, ಆಮೇಲೆ ರೋಗಿಗಳ ಹತ್ತಿರ. ಇದೆಲ್ಲ ಗೊತ್ತಿದ್ದೂ ಧರ್ಮಸಭೆ 2016ರಲ್ಲಿ ಅವರನ್ನು ಸಂತರ ಸಾಲಿಗೆ ಸೇರಿಸಿತು. ಫ್ರಾನ್ಸಿನ ಸನ್ಯಾಸಿನಿ, ಲಿಸಿಯೂವಿನ ತೆರೇಸಾ 24ನೇ ವಯಸ್ಸಿಗೆ ತೀರಿಕೊಂಡವರು. ಕ್ಷಯ ಹಿಡಿದ ಕೊನೆಯ ಒಂದೂವರೆ ವರ್ಷ ಪರಲೋಕ ಇದೆಯೇ ಎಂಬುದೇ ಅವರಿಗೆ ಪರೀಕ್ಷೆಯಾಗಿತ್ತು. ಅವರ ಚಿತ್ರ ನಮ್ಮ ಎಷ್ಟೋ ಮನೆಗಳ ದೇವರ ಪೀಠದಲ್ಲಿದೆ. ನಿಮ್ಮ ಮನೆಯಲ್ಲೂ ಇರಬಹುದು.

ಕೊನೆಯದು, ಇದನ್ನು ಗುರುವಾಗಿಯೇ ಒತ್ತಿ ಹೇಳುತ್ತೇನೆ. ನಿದ್ದೆ ಬರುತ್ತಿದೆಯೇ? ಊಟ ಸೇರುತ್ತಿದೆಯೇ? ಯಾವುದರಲ್ಲೂ ಮನಸ್ಸಿಲ್ಲದೆ ವಾರಗಟ್ಟಲೆ ಕಳೆಯುತ್ತಿದ್ದರೆ ಡಾಕ್ಟರರನ್ನು ಕಾಣಿ. ಖಿನ್ನತೆಗೆ ಔಷಧ ತೆಗೆದುಕೊಳ್ಳುವುದು ನಂಬಿಕೆಯ ಕೊರತೆಯಲ್ಲ.

ಅಜ್ಜಿಯ ಮೊಮ್ಮಗ

ನಮ್ಮ ಅಜ್ಜಿಗೆ ಇದೆಲ್ಲ ಓದಿ ಹೇಳಿದೆ. ಅವರಿಗೆ ಎಂಬತ್ತು ದಾಟಿದೆ. ಅವರು ಕೊಂಕಣಿಯಲ್ಲಿ ಹೇಳಿದ್ದನ್ನು ಹಾಗೇ ಬರೆಯುತ್ತೇನೆ.

“ಆ ಹುಡುಗಿಗೆ ಹೇಳು. ನನ್ನ ದೊಡ್ಡ ಮಗ ಹೊಳೆಗೆ ಬಿದ್ದು ಹೋದ ವರ್ಷ ನಾನು ದೇವರ ಹತ್ತಿರ ಮಾತು ಬಿಟ್ಟಿದ್ದೆ. ಮಣಿ ಮಾತ್ರ ಬಿಡಲಿಲ್ಲ. ಬಾಯಿ ಹೇಳುತ್ತಿತ್ತು, ಮನಸ್ಸು ಹೊಳೆಯ ಹತ್ತಿರ. ನಿನ್ನ ಅಜ್ಜ ನೀರಿಗಾಗಿ ಗುಡ್ಡಕ್ಕೆ ಸುರಂಗ ತೋಡುವವರಲ್ಲವಾ. ಗುಡ್ಡದೊಳಗೆ ಎಷ್ಟೋ ಕೋಲು ಒಣ ಮಣ್ಣೇ, ಹೊರಗೆ ಹೊತ್ತು ಹಾಕುವುದೇ ಕೆಲಸ. ನೀರು ಯಾವಾಗ ಅಂತ ಅವರಿಗೂ ಗೊತ್ತಿರುತ್ತಿರಲಿಲ್ಲ. ಹಾಗೇ ನಾನು. ಯಾವತ್ತು ತಿರುಗಿ ಬಂತು ಅಂತ ಕೇಳಬೇಡ, ನನಗೆ ಗೊತ್ತಿಲ್ಲ. ಒಂದು ಸಂಜೆ ‘ನಮ್ಮಂಥ ಪಾಪಿಗಳಿಗಾಗಿ’ ಅಂತ ಹೇಳುವಾಗ ಅದು ನಾನೇ ಹೇಳುತ್ತಿದ್ದೇನೆ ಅಂತ ಗೊತ್ತಾಯಿತು, ಅಷ್ಟೇ.”

ಬಾಸೆಲ್ ಮೊಮ್ಮಗಳು

ಅಜ್ಜಿಗೆ ನನ್ನ ನಮಸ್ಕಾರ ತಿಳಿಸಿ.

ಈಗ ನನ್ನದು. ನನ್ನ ಮಗು ಹೊಟ್ಟೆಯಲ್ಲೇ ಹೋಯಿತು. ಅದಾದ ಮೇಲೆ ಆರಾಧನೆಗೆ ಹೋಗುವುದನ್ನೇ ಬಿಟ್ಟೆ. ನಮ್ಮ ಸಭೆಯ ಸ್ತ್ರೀಕೂಟದ ಹೆಂಗಸರು ನಾನು ಬರದಿದ್ದರೂ ನಮ್ಮ ಮನೆಗೆ ಬರುವುದನ್ನು ಬಿಡಲಿಲ್ಲ. ಶುಕ್ರವಾರ ಮಧ್ಯಾಹ್ನ ಚಾಪೆ ಹಾಸಿ ಕೂರುತ್ತಿದ್ದರು. ಒಬ್ಬರು ಕೀರ್ತನೆ ಎತ್ತಿದರೆ ಇನ್ನೊಬ್ಬರು ನನ್ನ ಅಡುಗೆಮನೆಗೆ ಹೋಗಿ ಪಾತ್ರೆ ತೊಳೆದಿಡುತ್ತಿದ್ದರು. ಯಾಕೆ ಬರುವುದಿಲ್ಲ ಅಂತ ಒಂದು ದಿನವೂ ಕೇಳಲಿಲ್ಲ. ನಾನು ಒಳಕೋಣೆಯಲ್ಲೇ ಇರುತ್ತಿದ್ದೆ. ಆಮೇಲೆ ಬಾಗಿಲಲ್ಲಿ. ಆಮೇಲೆ ಚಾಪೆಯ ತುದಿಯಲ್ಲಿ.

ತೋಮನ ಕಥೆ ನನಗೆ ತೆರೆದುಕೊಂಡದ್ದು ಆ ಚಾಪೆಯ ಮೇಲೆ. ಎದ್ದು ಬಂದ ಯೇಸುವಿನ ಗಾಯ ಮುಟ್ಟದೆ ನಂಬುವುದಿಲ್ಲ ಅಂದ ಶಿಷ್ಯ ಅವನು, ಎಲ್ಲರೂ ಅವನನ್ನು ಸಂಶಯದ ತೋಮ ಅಂತಲೇ ಕರೆಯುತ್ತಾರೆ. ಇದೇ ತೋಮ ಯೋಹಾನ 11ರಲ್ಲಿ, ನಾವೂ ಹೋಗಿ ಅವನ ಜೊತೆ ಸಾಯೋಣ ಅಂದವನು. ಪ್ರೀತಿ ಕಡಿಮೆಯಾಗಿ ಸಂಶಯ ಬಂದದ್ದಲ್ಲ. ಅಷ್ಟು ಪ್ರೀತಿಸಿದ್ದರಿಂದಲೇ ಇನ್ನೊಮ್ಮೆ ಆಸೆ ಇಟ್ಟುಕೊಳ್ಳಲು ಅವನಿಗೆ ಆಗಲಿಲ್ಲ, ನನಗೆ ಕಾಣುವುದು ಹಾಗೆ. ಇನ್ನು 20ನೇ ಅಧ್ಯಾಯದ 26ನೇ ವಚನ. ಎಂಟು ದಿನದ ಮೇಲೆ ಶಿಷ್ಯರು ತಿರುಗಿ ಒಳಗೆ ಕೂಡಿದ್ದಾಗ ತೋಮನೂ ಅವರ ಸಂಗಡ ಇದ್ದ. ಹತ್ತು ಮಂದಿ ಕಂಡವರು, ಒಬ್ಬ ಕಾಣದವನು, ಒಂದೇ ಕೋಣೆ. ನಂಬಿದ ಮೇಲೆ ಬಾ ಅಂತ ಅವರು ಅವನನ್ನು ಹೊರಗೆ ಹಾಕಲಿಲ್ಲ. ನೀವೆಲ್ಲ ಹುಚ್ಚರು ಅಂತ ಅವನೂ ಎದ್ದು ಹೋಗಲಿಲ್ಲ. ಸ್ವಾಮಿ ಬಂದದ್ದು ಆ ಕೋಣೆಗೆ. ಬಂದವರು ತೋರಿಸಿದ್ದು ಗಾಯಗಳನ್ನು. ಎದ್ದು ಬಂದ ಮೈಯಲ್ಲೂ ಆ ಗಾಯಗಳು ಮಾಯವಾಗಿರಲಿಲ್ಲ ತಂಗಿ. ತೋಮ ಮುಟ್ಟಿದ ಅಂತ ಸುವಾರ್ತೆಯಲ್ಲಿ ಎಲ್ಲೂ ಬರೆದಿಲ್ಲ. ನೋಡಿದ, ‘ನನ್ನ ಸ್ವಾಮೀ, ನನ್ನ ದೇವರೇ’ ಅಂದ. ಬೇರೆ ಯಾವ ಶಿಷ್ಯನೂ ಅಷ್ಟು ನೇರವಾಗಿ ಅಂದದ್ದಿಲ್ಲ. ಅದೇ ತೋಮ ಕ್ರಿ.ಶ. 52ರಲ್ಲಿ ನಮ್ಮ ಇದೇ ಕರಾವಳಿಯ ಕೆಳಗೆ ಕೊಡುಂಗಲ್ಲೂರಿನಲ್ಲಿ ಬಂದಿಳಿದ, ಮೈಲಾಪುರದಲ್ಲಿ ಪ್ರಾಣ ಕೊಟ್ಟ ಎಂದು ಕೇರಳದ ಕ್ರೈಸ್ತರು ತಲೆತಲಾಂತರದಿಂದ ಹೇಳಿಕೊಂಡು ಬಂದಿದ್ದಾರೆ. ಜುಲೈ 3 ಅವನ ಹಬ್ಬ.

ಹಾಗಾಗಿ ನಾನು ಹೇಳುವುದು ಒಂದೇ. ನಂಬಿಕೆ ಬಂದ ಮೇಲೆ ಕೋಣೆಗೆ ಹೋಗುತ್ತೇನೆ ಅಂದುಕೊಳ್ಳಬೇಡಿ. ಕೋಣೆಯಲ್ಲಿ ಇರಿ. ‘ಸರ್ವಶಕ್ತ’ ಅನ್ನಲು ಬಾಯಿ ಬರದ ಭಾನುವಾರ ಸುಮ್ಮನಿರಿ, ಪಕ್ಕದ ಬೆಂಚಿನವರು ಹೇಳುತ್ತಿರುತ್ತಾರೆ. ಮಾರ್ಕ 9ರಲ್ಲಿ ಮೂರ್ಛೆರೋಗದ ಮಗನ ತಂದೆ ಅಳುತ್ತಾ ಹೇಳಿದ್ದನ್ನು ನಾನು ವರ್ಷಗಟ್ಟಲೆ ಹೇಳಿದ್ದೇನೆ: ನಂಬುತ್ತೇನೆ ಸ್ವಾಮಿ, ನನ್ನ ಅಪನಂಬಿಕೆಗೆ ನೀನೇ ಸಹಾಯ ಮಾಡು. ಅಷ್ಟಕ್ಕೇ ಆ ಹುಡುಗ ವಾಸಿಯಾದ, ಪೂರ್ತಿ ನಂಬಿಕೆ ತಾ ಅಂತ ಯಾರೂ ಕೇಳಲಿಲ್ಲ.

ಇದು ಒಂದೇ ಸಲ ಮುಗಿಯುವ ವಿಷಯವೂ ಅಲ್ಲ. ಮೆಥಡಿಸ್ಟ್ ಪಂಗಡ ಕಟ್ಟಿದ ಜಾನ್ ವೆಸ್ಲಿ ತನಗೇ ನಂಬಿಕೆ ಇಲ್ಲ, ಉಪದೇಶ ನಿಲ್ಲಿಸುತ್ತೇನೆ ಅಂದಾಗ, ನಂಬಿಕೆ ಸಿಗುವ ತನಕ ಅದನ್ನೇ ಸಾರು ಅಂದವನು ಮೊರಾವಿಯನ್ ಪಂಗಡದ ಪೀಟರ್ ಬೋಲರ್. 1738ರ ಮೇ 24ರ ಸಂಜೆ ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಕೂಟದಲ್ಲಿ ವೆಸ್ಲಿಯ ಹೃದಯ ಬೆಚ್ಚಗಾಯಿತು. ಇದನ್ನು ಎಲ್ಲರೂ ಹೇಳುತ್ತಾರೆ. ಮುಂದಿನ ಜನವರಿಯಲ್ಲಿ ಅವನೇ ದಿನಚರಿಯಲ್ಲಿ ನಾನು ಕ್ರೈಸ್ತನೇ ಅಲ್ಲ ಅಂತ ಬರೆದುಕೊಂಡದ್ದನ್ನು ಯಾರೂ ಹೇಳುವುದಿಲ್ಲ. ಆದರೂ ಅವನು ಸಾರುವುದನ್ನು ಬಿಡಲಿಲ್ಲ.

ಉಪ್ಪಳದವ

ಫಾದರ್, ನನ್ನದೊಂದು ಪ್ರಶ್ನೆ. ಇಂಥ ಮನಸ್ಥಿತಿಯಲ್ಲಿ ಪೂಜೆಯಲ್ಲಿ ಕೊಡುವ ಪರಮಪ್ರಸಾದ ಸ್ವೀಕರಿಸಬಹುದಾ? ನಾನು ಅದಕ್ಕೆ ಹೆದರಿ ಹಿಂದಿನ ಬೆಂಚಿನಲ್ಲೇ ನಿಲ್ಲುವವನು.

ಗುರುಮನೆ

ಮಾರಕ ಪಾಪ ಮನಸ್ಸಿನಲ್ಲಿಲ್ಲದಿದ್ದರೆ, ನಂಬಲು ಕಷ್ಟಪಡುತ್ತಿದ್ದೇನೆ ಎಂಬ ಒಂದೇ ಕಾರಣಕ್ಕೆ ದೂರ ನಿಲ್ಲಬೇಕಾಗಿಲ್ಲ. ಮುಂದೆ ಬನ್ನಿ. ಸಂಕೋಚ ಹೋಗದಿದ್ದರೆ ಪಾಪನಿವೇದನೆಗೆ ಬಂದಾಗ ನಿಮ್ಮ ಗುರುಗಳ ಹತ್ತಿರ ಇದನ್ನೇ ಹೇಳಿ, ಅವರು ಕೇಳಿಸಿಕೊಳ್ಳುತ್ತಾರೆ.

ಪೆರ್ಲದವಳು

ಎಲ್ಲರದ್ದೂ ಮತ್ತೆ ಮತ್ತೆ ಓದಿದೆ. ಯೋಹಾನ 9ನ್ನು ಅಮ್ಮನಿಗೆ ಓದಿ ಹೇಳಿದೆ ಟೀಚರ್. ‘ಇವನೂ ಅಲ್ಲ, ಹೆತ್ತವರೂ ಅಲ್ಲ’ ಅನ್ನುವಲ್ಲಿ ಅವರು ಇನ್ನೊಮ್ಮೆ ಓದು ಅಂದರು. ಆಮೇಲೆ ಇನ್ನೊಮ್ಮೆ. ತಮ್ಮ ಹೋದ ಮೇಲೆ ಅಮ್ಮ ಒಬ್ಬರೇ ತೇರ್ಸ್ ಹೇಳುತ್ತಿದ್ದರು, ನಾನು ಹೊರಗೆ ಜಗಲಿಯಲ್ಲಿರುತ್ತಿದ್ದೆ. ನಿನ್ನೆ ಒಳಗೆ ಹೋಗಿ ಕೂತೆ. ಎಲ್ಲ ಹೇಳಲಿಲ್ಲ. ಕೊನೆಯ ಹತ್ತು ಮಣಿಗೆ ಸೇರಿಕೊಂಡೆ. ನಂಬಿಕೆ ಬಂತು ಅಂತ ಹೇಳುವುದಿಲ್ಲ. ಮಾರ್ಕನ ಆ ತಂದೆಯ ಮಾತನ್ನು ಮಾತ್ರ ಮನಸಾರೆ ಹೇಳಬಲ್ಲೆ.

ಬರುವ ತಿಂಗಳು ತಮ್ಮನ ವರ್ಷದ ಪೂಜೆ. ಅವನಂಥ ಮಕ್ಕಳಿರುವ ಮನೆಯವರನ್ನೆಲ್ಲ ಕರೆಯಬೇಕೆಂದು ಅಮ್ಮನ ಆಸೆ. ಆದರೆ ಮಕ್ಕಳನ್ನು ಬಿಟ್ಟು ಬರಲು ಆಗುವುದಿಲ್ಲ, ಎತ್ತಿಕೊಂಡು ಬರಲೂ ಆಗುವುದಿಲ್ಲ. ಏನಾದರೂ ದಾರಿ ಇದೆಯಾ ಟೀಚರ್?

ಬಡ್ಸ್ ಟೀಚರ್

ಇದೆ. ಗಾಲಿಕುರ್ಚಿಗಳ ವ್ಯವಸ್ಥೆ ನಾನು ನೋಡಿಕೊಳ್ಳುತ್ತೇನೆ. ಇಗರ್ಜಿಯ ಮೆಟ್ಟಿಲಿಗೆ ಹಲಗೆ ಇಡಬೇಕು, ನಿಮ್ಮ ವಾಡ್ಯದ ಮುಖ್ಯಸ್ಥ ಗುರ್ಕಾರರಿಗೆ ಮೊದಲೇ ಹೇಳಿಡಿ. ಮಕ್ಕಳು ನಡುವೆ ಕೂಗುತ್ತಾರೆ, ಅದನ್ನು ಫಾದರಿಗೂ ತಿಳಿಸಿರಿ. ವಾಹನದ್ದೇ ಕಷ್ಟ. ಸ್ವರ್ಗ, ವಾಣಿನಗರ ಕಡೆಯ ಮನೆಗಳಿಗೆ ಬಸ್ಸಿನಿಂದ ಇಳಿದು ಗುಡ್ಡ ಹತ್ತಬೇಕು.

ಜೀವಜಲ

ನನ್ನ ಹತ್ತಿರ ಓಮ್ನಿ ಉಂಟು, ಹಿಂದಿನ ಸೀಟು ತೆಗೆದರೆ ಗಾಲಿಕುರ್ಚಿ ಹಿಡಿಯುತ್ತದೆ. ಬಾಡಿಗೆ ಬೇಡ. ನಮ್ಮ ಪ್ರಾರ್ಥನಾಕೂಟದ ಇನ್ನೊಬ್ಬರದ್ದು ಜೀಪು, ಗುಡ್ಡದ ದಾರಿಗೆ ಅದೇ ಆಗಬೇಕು. ದಿನ ಗೊತ್ತಾದ ಕೂಡಲೇ ಇಲ್ಲೇ ಹಾಕಿ. ಯಾವ ಮನೆ ಮೊದಲು, ಬೆಳಿಗ್ಗೆ ಎಷ್ಟು ಗಂಟೆಗೆ ಹೊರಡಬೇಕು ಅಂತ ಟೀಚರ್ ಒಂದು ಪಟ್ಟಿ ಮಾಡಿ ಕೊಟ್ಟರೆ ಸಾಕು.